ಒಂದು ಮನೆಗೆ ಎರಡು ಛಾವಣಿ ಏಕೆ?

ಅಡಿಕೆ, ಕಾಫಿಗೆ ಒಂದಿಷ್ಟು ಧಾರಣೆ ಬಂದ ವರ್ಷ ನಮ್ಮ ಬೆಳೆಗಾರ ಬಂಧುಗಳು ಹೊಸ ಮನೆಯ ಯೋಚನೆ ಮಾಡುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆಂಚಿನ ಮನೆಯನ್ನು ಕೆಡವಿ, ಪೇಟೆಯ ನಕ್ಷೆಯನ್ನೇ ತಂದು, ತೋಟದ ನಡುವೆ ತಾರಸಿ ಮನೆ ಕಟ್ಟುವ ಪದ್ಧತಿಯ ಬಗೆಗೆ ಎರಡು ಮಾತು ಹೇಳಬೇಕಾಗಿದೆ.

ತಾರಸಿ ಹಾಕಿ ಕೆಲವು ಮಳೆಗಾಲ ಕಳೆಯುವುದರೊಳಗೆ ಏನಾಗುತ್ತದೆಂಬುದನ್ನು ಮಲೆನಾಡಿನ ಅನೇಕ ಊರುಗಳಲ್ಲಿ ಕಾಣಬಹುದು. ನೀರು ಜಿನುಗುತ್ತದೆ, ಗೋಡೆ ಪಾಚಿಗಟ್ಟುತ್ತದೆ. ಆಮೇಲೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸುತ್ತೇವೆ. ಒಂದು ಮನೆಗೆ ಎರಡು ಛಾವಣಿಯ ಖರ್ಚು! ಬೇಸಿಗೆಯಲ್ಲಿ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಒಳಗೆ ಕಾವು ಬಿಡುವುದರಿಂದ ಫ್ಯಾನು ತಿರುಗುತ್ತಲೇ ಇರಬೇಕು. ಆ ಬಿಲ್ಲು ಬೇರೆ.

ಅಡಿಕೆ ಒಣಗಿಸಲು ತಾರಸಿ ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅಂಗಳ ಸಾಲದವರು ಬಿಸಿಲು ಬೀಳುವ ಕಡೆ ಕೊಟ್ಟಿಗೆಯ ಮೇಲೆ ತಾರಸಿ ಹಾಕಿಕೊಳ್ಳಲಿ. ಮಲಗುವ ಕೋಣೆಗಳ ಮೇಲೆಯೇ ಅದು ಇರಬೇಕೆಂದಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂಬುದು ನನ್ನ ವಾದವಲ್ಲ. ಹಗಲಲ್ಲೂ ದೀಪ ಬೇಕಾದ ಕೋಣೆ, ಹೊಗೆ ತುಂಬಿದ ಅಡಿಗೆಮನೆ ಇವುಗಳಿಂದ ಕಷ್ಟಪಟ್ಟವರು ನಮ್ಮ ಹೆಂಗಸರು. ಹಳೆಯ ಮನೆಯ ಸೂರು, ಹೊಸ ಮನೆಯ ಬೆಳಕು ಎರಡೂ ಒಂದೆಡೆ ಕೂಡಬೇಕು.

ಉದ್ದದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಮುಖ ಮಾಡಿದರೆ ಸಂಜೆಯ ಬಿಸಿಲು ತಾಗುವುದು ಕಡಿಮೆ. ಮಳೆ ಹೊಡೆಯುವ ಪಡುವಣಕ್ಕೆ ಅಗಲವಾದ ಸೂರು, ಜಗಲಿ ಇರಲಿ. ಎದುರುಬದುರು ಕಿಟಕಿ, ಅಲ್ಲಲ್ಲಿ ಗಾಜಿನ ಹೆಂಚು ಇಟ್ಟರೆ ಹಗಲು ದೀಪ ಬೇಕಿಲ್ಲ. ಪಡುವಣದ ಹಲಸು, ಮಾವು ಉಳಿಯಲಿ. ಕೊಂಬೆ ಮಾತ್ರ ಹೆಂಚಿನ ಮೇಲೆ ಬಾಗದಿರಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡಬೇಕಾಗಿಲ್ಲದ ಇಟ್ಟಿಗೆಯ ಮೇಲೆ ಕೆಲಸ ಮಾಡಿತು. ಕಡಿಮೆ ಸೌದೆ ಬೇಡುವ, ಹೊಗೆಕೊಳವೆಯ ಅಸ್ತ್ರ ಒಲೆಯನ್ನೂ ಕೊಟ್ಟಿತು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917-2007) ಇಟ್ಟಿಗೆಗಳನ್ನು ಅಡ್ಡ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಇದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಹೊರಗಿನ ಕಾವು ಒಳಗಿಳಿಯುವುದೂ ಕಡಿಮೆ.

ಇಷ್ಟಾದ ಮೇಲೆ ಸೌರಫಲಕದ ಮಾತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಪಡಿಸಿತು. ಆದರೆ ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಕುಗ್ಗುತ್ತದೆ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಘಟಕ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟಿನ ಪಾಡು ಬಲ್ಲ ನಾವು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ವಿದ್ಯುತ್ತನ್ನು ಉತ್ಪಾದಿಸುವುದಕ್ಕಿಂತ ಅದು ಬೇಕಾಗದಂತೆ ಮನೆ ಕಟ್ಟುವುದು ಅಗ್ಗ.

ಇಂಥ ಕೆಲಸ ಬಲ್ಲ ಮೇಸ್ತ್ರಿಗಳು ಸಿಗುವುದಿಲ್ಲವೆಂಬುದೇ ಎಲ್ಲರ ದೂರು. ಗೊಬ್ಬರ, ಮೈಲುತುತ್ತ ಒದಗಿಸುವ ನಮ್ಮ ಸಹಕಾರ ಸಂಘಗಳು ತಾಲ್ಲೂಕಿಗೆ ಹತ್ತು ಮಂದಿ ಮೇಸ್ತ್ರಿಗಳಿಗಾದರೂ ತರಬೇತಿ ಕೊಡಿಸಬಾರದೇಕೆ? ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಬೇಕೆಂದು ಕೋರುತ್ತೇನೆ.