ಕರ್ವ್ ಮಾಡಿದ್ರೆ ಮುಗೀತಾ?

ನಮ್ಮನೆ ಹರಕೆ ಆಟದ ಕರಪತ್ರ. ಭಾಗವತರ ಹೆಸರಲ್ಲಿ ಒಂದು ಒತ್ತಕ್ಷರ ತಪ್ಪು. ತಿದ್ದಿ ಅಂದ್ರೆ ಕುಂದಾಪುರದ ಅಂಗಡಿಯವರು, ‘ಹ್ವಾಯ್, ಕರ್ವ್ ಮಾಡಿಯಾಯ್ತ್, ಈಗ ಆತಿಲ್ಲೆ’ ಅಂದ್ರು.

ಕರ್ವ್ ಮಾಡಿದ ಮೇಲೆ ಅಕ್ಷರ ಅಕ್ಷರವಲ್ಲ, ಬರೀ ಗೆರೆಯ ಚಿತ್ರ. ಮಾಡದಿದ್ದರೆ? ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿವೆ; ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬರೀ ಗೋಜಲು. ಅದಕ್ಕೇ ಕರ್ವ್ ಮೇಲೆ ಅಷ್ಟು ನಂಬಿಕೆ.

ಯೂನಿಕೋಡಿಗೆ ಕನ್ನಡ ಬಂದದ್ದು 1991ರಲ್ಲಿ. ಹಳೆಯ ಕೋರೆಲ್‌ಡ್ರಾದಲ್ಲಿ ಒತ್ತಕ್ಷರ ಒಡೀತಿತ್ತು, ಒಪ್ಪಿದೆ. ಈಗ ಯಾವ ನೆಪ? ಯೂನಿಕೋಡಿನಲ್ಲೇ ಟೈಪ್ ಮಾಡಿ. ಪ್ರೆಸ್ಸಿಗೆ ಕರ್ವ್ ಮಾಡಿದ ಪಿಡಿಎಫ್ ಹೋಗಲಿ. ತಿದ್ದಬಹುದಾದ ಮೂಲ ಫೈಲ್ ಬೇರೆ ಉಳಿಯಲಿ, ದುಡ್ಡು ಕೊಟ್ಟವರಿಗೂ ಅದರ ಪ್ರತಿ ಸಿಗಲಿ. ರಾತ್ರಿಯಿಡೀ ಹಾಡುವವರ ಹೆಸರು ಸರಿಯಾಗಿ ಅಚ್ಚಾಗಲಿ ಅನ್ನೋದು ದೊಡ್ಡ ಆಸೆಯಾ?