ಸಸಿ ನೆಡೋ ಮೊದಲು ವಂಶವೃಕ್ಷ ಬಿಡಿಸಿ

ಮುಂಗಾರು ಹತ್ತಿರ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಬರೋ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಅಡಿಕೆ ಗುಂಡಿ ಎಷ್ಟು ಆಳ ಇರಬೇಕು, ಮಾವಿಗೆ ಅಂತರ ಎಷ್ಟು, ಸಸಿ ಎಲ್ಲಿ ಸಿಗುತ್ತೆ. ನಾನು ತಿರುಗಿ ಕೇಳೋದು ಒಂದೇ: ಪಹಣಿ ಯಾರ ಹೆಸರಲ್ಲಿದೆ? ಅರ್ಧ ಜನರ ಉತ್ತರ, "ತಾತನ ಹೆಸರಲ್ಲೇ ಇದೆ, ಆದ್ರೆ ಜಮೀನು ನಮ್ದೇ."

ಈ "ನಮ್ದೇ" ಅನ್ನೋ ಮಾತಿನ ಬಗ್ಗೆ ಈ ವಾರ ಬರೀತಿದ್ದೀನಿ. ಅಡಿಕೆ ಫಸಲಿಗೆ ಬರೋಕೆ ಐದಾರು ವರ್ಷ ಬೇಕು. ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಬೇಕು ಅಂದ್ರೆ ಪರಿವರ್ತನೆ ಅವಧಿಯೇ 3 ವರ್ಷ. ಅಷ್ಟು ದಿನ ದುಡ್ಡು, ಬೆವರು ಎರಡನ್ನೂ ಸುರಿಯೋ ನೆಲದಲ್ಲಿ ಯಾರ್ಯಾರಿಗೆ ಪಾಲಿದೆ ಅನ್ನೋದು ಗೊತ್ತಿಲ್ಲದೆ ಗುಂಡಿ ತೋಡಬಾರದು. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಒಂದೇ ಮನೆ, ಕಾಗದಕ್ಕೊಂದು ಕುಟುಂಬ

ನಮ್ಮ ಹಳ್ಳಿ ಲೆಕ್ಕದಲ್ಲಿ ಒಂದೇ ಒಲೆಯಲ್ಲಿ ಉಂಡವರು ಒಂದು ಕುಟುಂಬ. ಕಾಗದದ ಲೆಕ್ಕ ಹಾಗಲ್ಲ. ಪಿಎಂ ಕಿಸಾನ್‌ನ 6,000 ರೂಪಾಯಿಗೆ ಕುಟುಂಬ ಅಂದ್ರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಅಷ್ಟೆ. ಅಪ್ಪನ ಹೆಸರಿನ ಜಮೀನಲ್ಲಿ ದುಡಿಯೋ 28ರ ಮಗ ಅದರಲ್ಲಿ ಬರಲ್ಲ. ರೇಷನ್ ಕಾರ್ಡಿನಲ್ಲಿ ಸೊಸೆ ಇರ್ತಾಳೆ, ಮದುವೆಯಾಗಿ ಹೋದ ಮಗಳು ಇರಲ್ಲ. ಆಸ್ತಿ ಕಾನೂನಿನಲ್ಲಿ ಪೂರ್ತಿ ಉಲ್ಟಾ: ಮಗಳು ಎಲ್ಲೇ ಇದ್ದರೂ ವಾರಸುದಾರಳು. ಗಂಡ ಬದುಕಿರೋವರೆಗೆ ಸೊಸೆಗೆ ಮಾವನ ಆಸ್ತಿಯಲ್ಲಿ ನೇರ ಪಾಲಿಲ್ಲ. ರೇಷನ್ ಕಾರ್ಡ್ ನೋಡಿ ಜಮೀನು ಭಾಗ ಮಾಡೋಕೆ ಹೋದ್ರೆ ಎಡವೋದು ಇಲ್ಲೇ.

1956ರ ಕಾಯ್ದೆ ಯಾರನ್ನ ರಕ್ತ ಸಂಬಂಧಿ ಅನ್ನುತ್ತೆ?

ನಮ್ಮಲ್ಲಿ ಬಹಳಷ್ಟು ರೈತ ಕುಟುಂಬಗಳಿಗೆ ಅನ್ವಯಿಸೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ವೀರಶೈವ, ಲಿಂಗಾಯತರನ್ನ ಅದು ಹೆಸರು ಹಿಡಿದೇ ಸೇರಿಸಿದೆ. ಜೈನ, ಬೌದ್ಧ, ಸಿಖ್ಖರಿಗೂ ಇದೇ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನು. ಪರಿಶಿಷ್ಟ ಪಂಗಡದವರಿಗೂ ಇದು ನೇರವಾಗಿ ಅನ್ವಯಿಸಲ್ಲ.

ಗಂಡಸೊಬ್ಬ ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಮೊದಲು ಹೋಗೋದು ಒಂದನೇ ವರ್ಗದ ವಾರಸುದಾರರಿಗೆ. ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರಿಗೂ ಸಮ ಪಾಲು. ಮಗನೋ ಮಗಳೋ ಮೊದಲೇ ತೀರಿಕೊಂಡಿದ್ದರೆ ಆ ಪಾಲು ಅವರ ಮಕ್ಕಳಿಗೆ, ತೀರಿಕೊಂಡ ಮಗನ ಹೆಂಡತಿಗೂ ಸೇರಿ. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ತಾಯಿ ಒಂದನೇ ವರ್ಗದಲ್ಲಿದ್ದಾಳೆ, ತಂದೆ ಇಲ್ಲ. ತಂದೆ ಬರೋದು ಎರಡನೇ ವರ್ಗದಲ್ಲಿ.

ರಕ್ತ ಸಂಬಂಧವನ್ನೂ ಕಾಯ್ದೆ ಮೂರು ಥರ ವಿಂಗಡಿಸಿದೆ. ಒಂದೇ ತಂದೆ–ತಾಯಿಯ ಮಕ್ಕಳದ್ದು ಪೂರ್ಣ ರಕ್ತ ಸಂಬಂಧ. ತಂದೆ ಒಬ್ಬನೇ, ತಾಯಿ ಬೇರೆ ಆದರೆ ಅರ್ಧ ರಕ್ತ. ತಾಯಿ ಒಬ್ಬಳೇ, ತಂದೆ ಬೇರೆ ಆದರೆ ಮೂರನೇ ಥರ. ಅಪ್ಪನ ಆಸ್ತಿಗೆ ಬಂದಾಗ ಮೊದಲ ಹೆಂಡತಿ ಮಕ್ಕಳು, ಆಕೆ ತೀರಿಕೊಂಡ ಮೇಲೆ ಮದುವೆಯಾದ ಹೆಂಡತಿಯ ಮಕ್ಕಳು ಇಬ್ಬರೂ ಸಮಾನರು. ವ್ಯತ್ಯಾಸ ಬರೋದು ಅಣ್ಣತಮ್ಮಂದಿರ ಆಸ್ತಿಯಲ್ಲಿ. ಮಕ್ಕಳು, ಹೆಂಡತಿ, ತಾಯಿ, ತಂದೆ ಯಾರೂ ಇಲ್ಲದವನು ತೀರಿಕೊಂಡರೆ ಒಡಹುಟ್ಟಿದವರಲ್ಲಿ ಪೂರ್ಣ ರಕ್ತದವರಿಗೆ ಮೊದಲ ಆದ್ಯತೆ.

ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆಯ ಮಕ್ಕಳ ಕಥೆ? ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ: ಮದುವೆ ಅಸಿಂಧುವಾದರೂ ಮಕ್ಕಳು ಅಸಿಂಧು ಅಲ್ಲ. ಹುಟ್ಟಿನಿಂದ ಅವಿಭಕ್ತ ಕುಟುಂಬದ ಪಾಲುದಾರರಾಗಲ್ಲ, ಆದರೆ ತಂದೆಯ ಪಾಲಿಗೆ ಬರೋದರಲ್ಲಿ ಅವರಿಗೂ ಹಕ್ಕಿದೆ. ಅದೇ ನಾವು ಹಾಲು ಅನ್ನ ಹಾಕಿ ಬೆಳೆಸಿದ ಸಾಕುಮಗನಿಗೆ, ದತ್ತು ಕಾನೂನು ಪ್ರಕಾರ ಆಗದೇ ಇದ್ದರೆ, ವಿಲ್ ಇಲ್ಲದೆ ಒಂದು ಗುಂಟೆಯೂ ಸಿಗಲ್ಲ. ಪ್ರೀತಿ ಎಷ್ಟಿತ್ತು ಅಂತ ಕಾನೂನು ಕೇಳಲ್ಲ.

ಅಕ್ಕ–ತಂಗಿ ಹೆಸರು ಬಿಡಬೇಡಿ

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನ ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ತೆಗೆಯಿತು: 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ. 2004ರ ಡಿಸೆಂಬರ್ 20ಕ್ಕೂ ಮುಂಚೆ ನೋಂದಣಿಯಾದ ವಿಭಾಗ ಪತ್ರ ಅಥವಾ ಕೋರ್ಟ್ ಡಿಕ್ರಿ ಇದ್ದರೆ ಅದು ಉಳಿಯುತ್ತೆ. "ಆಗ ಬಾಯಿಮಾತಲ್ಲೇ ಭಾಗ ಆಗಿತ್ತು" ಅನ್ನೋದನ್ನ ಕೋರ್ಟು ಸುಲಭಕ್ಕೆ ಒಪ್ಪಲ್ಲ.

ಇಷ್ಟಾದರೂ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಡೋ ಚಾಳಿ ಹೋಗಿಲ್ಲ. "ಅವರೇನೂ ಕೇಳಲ್ಲ ಬಿಡ್ರೀ" ಅಂತಾರೆ. ಇವತ್ತು ಕೇಳದೇ ಇರಬಹುದು. ನಾಳೆ ಪಕ್ಕದಲ್ಲಿ ಹೈವೇ ಬಂದಾಗ ಅವರ ಮಕ್ಕಳು ಕೇಳ್ತಾರೆ. ಅಷ್ಟೊತ್ತಿಗೆ ನಿಮ್ಮ ಅಡಿಕೆಗೆ ಎಂಟು ವರ್ಷ. ವಂಶವೃಕ್ಷದಲ್ಲಿ ಹೆಸರು ಬಿಟ್ಟರೆ ಹಕ್ಕು ಹೋಗಲ್ಲ. ಸುಳ್ಳು ಪ್ರಮಾಣಪತ್ರ ಕೊಟ್ಟ ತಪ್ಪು ಮಾತ್ರ ನಿಮ್ಮ ತಲೆಗೆ ಬರುತ್ತೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವವೂ ಬರಲ್ಲ. ಅದು ಕಂದಾಯದ ದಾಖಲೆ ಅಷ್ಟೆ.

"ಮದುವೆಗೆ ಬಂಗಾರ ಕೊಟ್ಟಿದ್ದೀವಲ್ಲ" ಅನ್ನೋರಿಗೆ ಒಂದು ಮಾತು. ಮದುವೆ ಖರ್ಚನ್ನ ಪಾಲಿನಲ್ಲಿ ವಜಾ ಮಾಡ್ಕೊಳ್ಳಿ ಅಂತ ಈ ಕಾಯ್ದೆ ಎಲ್ಲೂ ಹೇಳಿಲ್ಲ. ವರದಕ್ಷಿಣೆಯಂತೂ 1961ರಿಂದ ಅಪರಾಧ. ಹಾಗಂತ ಮಗಳಿಗೆ ಪಾಲು ಮಾತ್ರ ಅಲ್ಲ, ಅವಿಭಕ್ತ ಕುಟುಂಬದ ಹೊಣೆಗಳೂ ಮಗನಷ್ಟೇ ಇವೆ ಅಂತಲೂ ಅದೇ ಕಲಂ ಹೇಳುತ್ತೆ. ಮನೆ ಸಾಲದ ಲೆಕ್ಕವನ್ನ ಅವಳ ಮುಂದೆಯೂ ಇಡಿ.

ನಿಜವಾದ ಕಷ್ಟ ಬೇರೆ ಇದೆ, ಅದನ್ನ ಒಪ್ಪಬೇಕು. ಎರಡು ಎಕರೆಯನ್ನ ನಾಲ್ಕು ಜನ ಹಂಚಿಕೊಂಡರೆ ತಲಾ 20 ಗುಂಟೆ. ಅದರಲ್ಲಿ ಬೋರ್‌ವೆಲ್ ಯಾರ ಪಾಲಿಗೆ, ದಾರಿ ಯಾರಿಗೆ? ಆದರೆ ಪಾಲು ಇದೆ ಅಂದ ತಕ್ಷಣ ಬೇಲಿ ಹಾಕಲೇಬೇಕು ಅಂತಿಲ್ಲ. ಜಂಟಿ ಖಾತೆ ಇಟ್ಟುಕೊಂಡು ಫಸಲಿನ ಲೆಕ್ಕ ಕೊಡಬಹುದು. ಒಪ್ಪಿದ ಬೆಲೆ ಕೊಟ್ಟು ನೋಂದಣಿ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳಬಹುದು. ವಾರಸಾಗಿ ಬಂದ ಪಾಲನ್ನ ಒಬ್ಬರು ಮಾರಲು ಹೊರಟರೆ, ಒಂದನೇ ವರ್ಗದ ಉಳಿದ ವಾರಸುದಾರರಿಗೆ ಕೊಳ್ಳೋ ಮೊದಲ ಅವಕಾಶ ಕೊಡಬೇಕು. ಇದು ಕೃಷಿ ಜಮೀನಿಗೂ ಅನ್ವಯ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಬ್ಬಕ್ಕೆ ಬಂದ ತಂಗಿ ಮುಂದೆ ಹಾಳೆ ಹಿಡಿದು "ಇಲ್ಲೊಂದು ಸೈನ್ ಹಾಕವ್ವ" ಅನ್ನೋದನ್ನ ಮಾತ್ರ ನಮ್ಮ ತಲೆಮಾರು ಬಿಡಲೇಬೇಕು.

ನಮ್ಮ ಮನೆಯಲ್ಲಿ ಕೃಷಿ ಮಾಡ್ತಿರೋದು ಮಗಳಾದ ನಾನು. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪ ಗಟ್ಟಿಮುಟ್ಟಾಗಿ ಇರುವಾಗಲೇ ಕೂತು ಮಾತಾಡಿ ವಿಭಾಗ ಪತ್ರ ನೋಂದಣಿ ಮಾಡಿಸಿದರು. ಮಾವು, ನುಗ್ಗೆ ಇಟ್ಟಿದ್ದು ಆಮೇಲೆ. ತಮ್ಮ ರಜೆಗೆ ಬಂದಾಗ ನಾವು ಮಾತಾಡೋದು ಹಣ್ಣಿನ ಬಗ್ಗೆ, ಹಿಸ್ಸಾದ ಬಗ್ಗೆ ಅಲ್ಲ.

ಈ ತಿಂಗಳು ಇಷ್ಟು ಮಾಡಿ

1. ಹಿರಿಯರನ್ನ ಕೂರಿಸಿಕೊಂಡು ಹಾಳೆಯ ಮೇಲೆ ವಂಶವೃಕ್ಷ ಬರೆಯಿರಿ. ತೀರಿಕೊಂಡವರು, ಹೆಣ್ಣುಮಕ್ಕಳು, ಅವರ ಮಕ್ಕಳು ಯಾರನ್ನೂ ಬಿಡಬೇಡಿ.

2. ಸರ್ವೆ ನಂಬರ್ ಪ್ರಕಾರ ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಅಂತ ಬೇರೆ ಮಾಡಿ. ತಾತನಿಂದ ಬಂದಿದ್ದೆಲ್ಲ ಪಿತ್ರಾರ್ಜಿತ ಅಲ್ಲ. ಹಳೇ ಕಾಗದ ವಕೀಲರಿಗೆ ತೋರಿಸಿ.

3. ತೀರಿಕೊಂಡವರ ಹೆಸರಲ್ಲೇ ಪಹಣಿ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ನಾಡಕಚೇರಿಯಲ್ಲಿ ವಿಚಾರಿಸಿ.

4. ಭಾಗ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಬಾಯಿಮಾತು ಬೇಡ.

5. ಸಾಕುಮಗ, ಸಾಕುಮಗಳು ಇದ್ದರೆ ಹಿರಿಯರಿಗೆ ವಿಲ್ ಬಗ್ಗೆ ಈಗಲೇ ಹೇಳಿ.

ಇಷ್ಟು ಮುಗಿದ ಮೇಲೆ ಗುಂಡಿ ಅಳತೆ ಕೇಳಿ, ಖುಷಿಯಿಂದ ಹೇಳ್ತೀನಿ.