ಮೆಹಂದಿ ಕೋನ್‌ಗೆ ಬಂದ ವಕೀಲರ ಪತ್ರ



ಬಕ್ರೀದ್ ಕಳೆದು ಒಂದು ವಾರವಾಗಿತ್ತು. ಅಸರ್ ನಮಾಝ್ ಮುಗಿಸಿ ಮಕ್ಕಳ ನೋಟ್ ಪುಸ್ತಕ ತಿದ್ದುತ್ತಾ ಕುಳಿತಿದ್ದೆ. ಇಲ್ಲೇ ನ್ಯಾಮತಿಯಲ್ಲಿ ನಮ್ಮ ಬೀದಿಯಲ್ಲಿರುವ, ಹಿಂದೆ ನನ್ನ ಬಳಿ ಓದಿದ ಹುಡುಗಿಯೊಬ್ಬಳು ಕಂಕುಳಲ್ಲಿ ಮಗು, ಕೈಯಲ್ಲೊಂದು ಉದ್ದನೆಯ ಲಕೋಟೆ ಹಿಡಿದು ಬಂದಳು. ಕೂರು ಎಂದರೂ ಕೂರಲಿಲ್ಲ.

"ಆಪಾ, ಪೊಲೀಸ್ರು ಬರ್ತಾರಂತೆ. ಎಂಬತ್ತೈದು ಸಾವಿರ ಕಟ್ಟಬೇಕಂತೆ. ನಾನು ಯಾರದೇನು ಕದ್ದೆ?"

ಗಂಡ ಬಾಡಿಗೆ ಗೂಡ್ಸ್ ಆಟೋ ಓಡಿಸುತ್ತಾರೆ. ಇವಳು ಮನೆಯಲ್ಲಿ ಮೆಹಂದಿ ಪುಡಿ ಜರಡಿ ಹಿಡಿದು, ಸಕ್ಕರೆ ಮತ್ತು ನೀಲಗಿರಿ ಎಣ್ಣೆ ಸೇರಿಸಿ ಕಲಸಿ, ಕೋನ್ ತುಂಬಿ ಮಾರುತ್ತಾಳೆ. ಹೊನ್ನಾಳಿಯ ಎರಡು ಬಳೆ ಅಂಗಡಿಗಳೂ ತೆಗೆದುಕೊಳ್ಳುತ್ತವೆ. ಹಬ್ಬಕ್ಕೆ ಮುಂಚೆ ಕೋನ್‌ಗೆ ಬಣ್ಣದ ಕವರ್ ಹಾಕಿದರೆ ಚೆನ್ನಾಗಿ ಹೋಗುತ್ತದೆಂದು ಶಿವಮೊಗ್ಗದ ಒಂದು ಡಿಟಿಪಿ ಅಂಗಡಿಯಲ್ಲಿ ಎರಡು ಸಾವಿರ ಕವರ್ ಮಾಡಿಸಿದಳು. ಅದರ ಮೇಲೆ ಮದುಮಗಳ ಕೈಯ ಸುಂದರ ಚಿತ್ರ. ಡಿಟಿಪಿಯವರು ಅದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡಿದ್ದರು. ಇವಳು ಅದೇ ಕವರಿನ ಫೋಟೋವನ್ನು ಇನ್‌ಸ್ಟಾಗ್ರಾಮ್‌ಗೂ ಹಾಕಿದ್ದಳು. ಚಿತ್ರಗಳ ವ್ಯಾಪಾರ ಮಾಡುವ ಒಂದು ಕಂಪೆನಿಯ ಕಣ್ಣಿಗೆ ಅದು ಬಿತ್ತು. ಮೊದಲು ಇಮೇಲ್ ಬಂದಿತ್ತಂತೆ, ಯಾರೂ ತೆರೆದು ನೋಡಿರಲಿಲ್ಲ. ಈಗ ಸ್ಪೀಡ್ ಪೋಸ್ಟ್‌ನಲ್ಲಿ ನಾಲ್ಕು ಪುಟದ ಇಂಗ್ಲಿಷ್ ಪತ್ರ. ಹದಿನೈದು ದಿನದ ಗಡುವು.

ಮನೆಯಲ್ಲಿ ಆಗಲೇ ಮೂರು ಅಭಿಪ್ರಾಯಗಳು ಹುಟ್ಟಿಕೊಂಡಿದ್ದವು. ಪೋಸ್ಟ್ ಮ್ಯಾನ್ ಕೈಯಿಂದ ತೆಗೆದುಕೊಳ್ಳದೆ ವಾಪಸ್ ಕಳಿಸಬೇಕಿತ್ತು ಎಂದು ಅತ್ತೆ. ಹರಿದು ಹಾಕು, ಮುಂಬೈಯವರು ನ್ಯಾಮತಿಗೆ ಬರುತ್ತಾರೆಯೇ ಎಂದು ಮೈದುನ. ಇವಳಂತೂ ಕರಿಮಣಿಯಲ್ಲಿನ ಬಂಗಾರವನ್ನು ಅಡವಿಡುವ ಲೆಕ್ಕ ಹಾಕಿಯಾಗಿತ್ತು. ಮೂರೂ ತಪ್ಪು. ಅಂಚೆಯನ್ನು ನಿರಾಕರಿಸಿದರೂ ಅದು ತಲುಪಿದಂತೆಯೇ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುತ್ತವೆ. ಕೃತಿಸ್ವಾಮ್ಯದ ಮಾಲೀಕನಿಗೆ ತಾನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು ಕಾಯ್ದೆ ಅವಕಾಶ ಕೊಟ್ಟಿದೆ. ಅಂದರೆ ಅವರು ನ್ಯಾಮತಿಗೆ ಬರಬೇಕಾಗಿಲ್ಲ, ನಾವೇ ಅಲ್ಲಿಗೆ ಹೋಗಬೇಕಾದೀತು. ಮೈದುನನ ಧೈರ್ಯಕ್ಕೆ ಅರ್ಥವಿಲ್ಲ. ಬಂಗಾರವನ್ನು ಅಡವಿಡಲು ಓಡುವುದಕ್ಕೂ ಅರ್ಥವಿಲ್ಲ, ಏಕೆಂದರೆ ಎಂಬತ್ತೈದು ಸಾವಿರ ಎಂಬುದು ನ್ಯಾಯಾಧೀಶರು ಬರೆದ ಅಂಕಿಯಲ್ಲ. ಅದು ಕೇಳಿದವರ ಅಂಕಿ. ವಕೀಲರ ಪತ್ರ ಬೇರೆ, ನ್ಯಾಯಾಲಯದ ಸಮನ್ಸ್ ಬೇರೆ. ಈ ಒಂದು ವ್ಯತ್ಯಾಸ ತಿಳಿಯದೆ ನಮ್ಮ ಎಷ್ಟು ಮನೆಗಳಲ್ಲಿ ಹೆಂಗಸರು ನಿದ್ದೆ ಕೆಡಿಸಿಕೊಂಡಿಲ್ಲ!

ನಾನು ಮದ್ರಸಾದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು, ವಕೀಲೆಯಲ್ಲ. ಆದರೆ ಪತ್ರವನ್ನು ಓದಿ ಅರ್ಥ ಹೇಳಬಲ್ಲೆ. ಮೊದಲು ಅವಳಿಂದ ಎರಡು ಕೆಲಸ ಮಾಡಿಸಿದೆ. ಇನ್‌ಸ್ಟಾಗ್ರಾಮ್‌ನಲ್ಲಿದ್ದ ಫೋಟೋವನ್ನು ತೆಗೆಸುವ ಮುಂಚೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡೆವು, ಯಾವಾಗ ಹಾಕಿದ್ದು, ಯಾವಾಗ ತೆಗೆದದ್ದು ಎಂಬ ದಾಖಲೆಗೆ. ಉಳಿದ ಕವರುಗಳನ್ನು ಎಣಿಸಿ ಒಂದು ಡಬ್ಬದಲ್ಲಿ ಕಟ್ಟಿಟ್ಟೆವು. ಸುಡು ಎಂದು ಅತ್ತೆ ಹೇಳಿದ್ದರು, ಬೇಡ ಎಂದೆ. ಎಷ್ಟು ಉಳಿದಿದೆ ಎಂಬುದೇ ಎಷ್ಟು ಮಾರಿದೆ ಎಂಬುದಕ್ಕೆ ಸಾಕ್ಷಿ. ಐನೂರ ನಲವತ್ತು ಉಳಿದಿದ್ದವು. ಬಳೆ ಅಂಗಡಿಗಳಿಗೂ ಅಂದೇ ಫೋನ್ ಮಾಡಿ ಆ ಕವರಿನ ಕೋನ್ ಮಾರಬೇಡಿರೆಂದು ಹೇಳಿಸಿದೆ.

ಈ ಅವಸರಕ್ಕೆ ಕಾರಣವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮು ತಿಳಿದೂ ಉಲ್ಲಂಘಿಸಿದವರಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಇದು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಹೇಳಿತು. ಇಲ್ಲಿ ತೂಕವಿರುವುದು "ತಿಳಿದೂ" ಎಂಬ ಮಾತಿಗೆ. ಪತ್ರ ಬರುವವರೆಗೆ ತಿಳಿದಿರಲಿಲ್ಲ ಎಂದು ಅವಳು ಪ್ರಾಮಾಣಿಕವಾಗಿ ಹೇಳಬಹುದು. ಪತ್ರ ಓದಿದ ಮರುದಿನ ಅದೇ ಕವರಿನಲ್ಲಿ ಒಂದು ಕೋನ್ ಮಾರಿದರೂ ಆ ಮಾತು ಅವಳ ಬಾಯಿಗೆ ಬರಲಾರದು.

"ಗೂಗಲ್‌ನಾಗೆ ಎಲ್ಲಾರಿಗೂ ಕಾಣಂಗೆ ಇತ್ತಲ್ಲ ಆಪಾ" ಎಂದಳು. ಸಂತೆಯಲ್ಲಿ ರಾಶಿ ಹಾಕಿದ ಟೊಮೆಟೊ ಸಹ ಎಲ್ಲರಿಗೂ ಕಾಣುತ್ತದೆ. ಫೋಟೋ ತೆಗೆದವನಿಗೆ ಅದರ ಹಕ್ಕು ತಾನಾಗಿಯೇ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. 2012ರ ತಿದ್ದುಪಡಿಯ ಬಳಿಕ ಅವನು ಬದುಕಿರುವಷ್ಟು ಕಾಲ, ಆನಂತರ ಇನ್ನೂ 60 ವರ್ಷ ಅದು ಉಳಿಯುತ್ತದೆ. ಇದು ಮನೆ ಜಮೀನಿನಂತೆ ವಾರಸುದಾರರಿಗೂ ಹೋಗುತ್ತದೆ. ನಮ್ಮ ಶಿವರಾಮ ಕಾರಂತರದ್ದೇ ಉದಾಹರಣೆ ಇದೆ. ಅವರು 1994ರಲ್ಲಿ ಬರೆದ ಮರಣಶಾಸನದ ಮೂಲಕ ಕೃತಿಗಳ ಹಕ್ಕು ಮಾಲಿನಿ ಮಲ್ಯರಿಗೆ ಬಂತು. ಕಾರಂತರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅವರ ಯಕ್ಷಗಾನ ಬ್ಯಾಲೆಯನ್ನು ಮಲ್ಯರ ಅನುಮತಿಯಿಲ್ಲದೆ ದೆಹಲಿಯಲ್ಲಿ ಆಡಿಸಿತೆಂದು ದಾವೆಯಾಯಿತು. ಅದು 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಕ್ಕು ಮಲ್ಯರದೇ ಎಂಬುದು ನಿಂತಿತು. ಆದರೆ ಕಾಯ್ದೆಯ 52ನೇ ಕಲಮು ಕೊಡುವ ವಿನಾಯಿತಿಗಳಿಗೆ ಈ ತಡೆಯಾಜ್ಞೆ ಅಡ್ಡಿಯಾಗದು ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಹಣ ಪಡೆಯದೆ ಆಡಿ ತೋರಿಸುವ ಹವ್ಯಾಸಿ ಸಂಘಗಳ ಪ್ರದರ್ಶನ ಅಂಥದ್ದೊಂದು ವಿನಾಯಿತಿ.

ಇನ್ನೊಂದು ವಿನಾಯಿತಿ ನಮ್ಮಂಥ ಟೀಚರುಗಳಿಗೆ ಸಂಬಂಧಿಸಿದ್ದು. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಝೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಭಾರೀ ಪ್ರಕಾಶನಗಳು 2012ರಲ್ಲಿ ಮೊಕದ್ದಮೆ ಹೂಡಿದವು. ಪಾಠದ ಅಗತ್ಯಕ್ಕೆ ಪುಸ್ತಕದ ಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದು ತಪ್ಪಲ್ಲವೆಂದು 2016ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಮರುವರ್ಷ ಪ್ರಕಾಶಕರು ಮೊಕದ್ದಮೆ ಹಿಂತೆಗೆದುಕೊಂಡರು. ಹಾಗೆಂದು ಗೈಡ್ ಪುಸ್ತಕವನ್ನೇ ಇಡಿಯಾಗಿ ಝೆರಾಕ್ಸ್ ಮಾಡಿಸಿ ಟ್ಯೂಷನ್ ಮಕ್ಕಳಿಗೆ ಮಾರಿದರೆ ಈ ತೀರ್ಪು ಕಾಪಾಡುತ್ತದೆಂದು ಯಾರೂ ತಿಳಿಯಬಾರದು. (ನಾನೂ ಮಾಡಿದ್ದೆ, ಈಗ ಬಿಟ್ಟಿದ್ದೇನೆ.) ನಮ್ಮ ಹುಡುಗಿಯ ಮೆಹಂದಿ ಕವರಿಗಂತೂ ಪಾಠದ ವಿನಾಯಿತಿ ಸಲ್ಲುವುದಿಲ್ಲ, ಅದು ವ್ಯಾಪಾರ.

ಕೆಲವರು ನನ್ನನ್ನು ಕೇಳುವುದುಂಟು, ಇದೆಲ್ಲ ಸರಕಾರದ ಕಾನೂನು, ದೀನಿನಲ್ಲಿ ಇದಕ್ಕೇನಿದೆ ಎಂದು. ಹಿಂದೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದ್ದದ್ದು ನಿಜ. ಆದರೆ 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಬರಹ, ಆವಿಷ್ಕಾರಗಳ ಹಕ್ಕು ಶರೀಅತ್ ರಕ್ಷಿಸುವ ಹಕ್ಕೇ, ಅದನ್ನು ಅತಿಕ್ರಮಿಸಬಾರದು ಎಂದು ನಿರ್ಣಯಿಸಿದೆ. ಇದು ಹಕ್ಕುಲ್ ಇಬಾದ್‌ನ ವಿಷಯ. ಹಾಗಾಗಿ "ಕೊಡುವುದೇ ಇಲ್ಲ" ಎಂದು ಅವಳಿಗೆ ನಾನು ಹೇಳಿಕೊಡಲಿಲ್ಲ. ಎಷ್ಟು ಕೊಡುವುದು ನ್ಯಾಯ ಎಂಬುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ವಕೀಲರು ಬೇಕು. ಫೀಸು ಎಲ್ಲಿಂದ ತರುವುದು? ಇಲ್ಲಿ ನಮ್ಮ ಸಹೋದರಿಯರು ತಿಳಿದಿರಬೇಕಾದ ಮಾತೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಯಾವುದೇ ಮಹಿಳೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ಸೇವೆಗೆ ಅರ್ಹಳು. ಕೇಸು ನಡೆಯುವಾಗ ಮಾತ್ರವಲ್ಲ, ಸಲಹೆಗೂ ಹೋಗಬಹುದು. ತಾಲೂಕು ಮಟ್ಟದಲ್ಲಿ ನ್ಯಾಯಾಲಯದ ಆವರಣದಲ್ಲೇ ಸಮಿತಿ ಇರುತ್ತದೆ, ಜಿಲ್ಲೆಗೆ ದಾವಣಗೆರೆಯಲ್ಲಿ ಪ್ರಾಧಿಕಾರವಿದೆ, 15100 ಎಂಬ ಸಹಾಯವಾಣಿಯೂ ಇದೆ. ನಾವಿಬ್ಬರೂ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆವು. ಆಧಾರ್ ಪ್ರತಿ, ಪತ್ರ, ಲಕೋಟೆ, ಕವರಿನ ಬಿಲ್ಲು ತೆಗೆದುಕೊಂಡು ಹೋಗಿದ್ದೆವು. ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ತಾರೀಕು ಗಡುವಿನ ಲೆಕ್ಕಕ್ಕೆ ಬೇಕು.

ಅಲ್ಲಿ ಸಿಕ್ಕ ವಕೀಲೆ ಮೊದಲು ಮಾಡಿದ್ದು ಪತ್ರ ನಿಜವೇ ಎಂದು ನೋಡಿದ್ದು. ಈಗ ಇಂಥ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ, ಪತ್ರದಲ್ಲಿರುವ ಕ್ಯೂಆರ್ ಕೋಡ್ ಒತ್ತಿ ಹಣ ಕಳಿಸಿದರೆ ಮುಗಿಯಿತು. ನಮಗೆ ಬಂದದ್ದು ನಿಜದ್ದೇ ಆಗಿತ್ತು. ಆಮೇಲೆ ಇವಳನ್ನು ಕೇಳಿದ್ದು ಒಂದೇ, "ಒಂದು ಕೋನ್‌ಗೆ ನಿನಗೆ ಎಷ್ಟು ಉಳಿಯುತ್ತದಮ್ಮ?"

ಆರು ರೂಪಾಯಿ. 1,460 ಕೋನ್ ಹೋಗಿದ್ದವು. ಒಟ್ಟು 8,760 ರೂಪಾಯಿ. ಎಂಬತ್ತೈದು ಸಾವಿರ ಕೇಳಿದವರಿಗೆ ಇದು ಗೊತ್ತಿರಲಿಲ್ಲ, ಗೊತ್ತಿರುವುದಕ್ಕೆ ಸಾಧ್ಯವೂ ಇರಲಿಲ್ಲ.

ವಕೀಲೆ ವಿವರಿಸಿದರು. ನಮ್ಮ ಕಾಯ್ದೆಯಲ್ಲಿ ಒಂದು ಚಿತ್ರಕ್ಕೆ ಇಷ್ಟು ಪರಿಹಾರ ಎಂದು ಮೊದಲೇ ಗೊತ್ತುಮಾಡಿದ ಮೊತ್ತವಿಲ್ಲ. ತಮಗಾದ ನಷ್ಟವನ್ನು ಅವರು ತೋರಿಸಬೇಕು. ಕೃತಿಸ್ವಾಮ್ಯವಿದೆ ಎಂದು ತಿಳಿದಿರಲಿಲ್ಲ, ತಿಳಿಯಲು ಸಕಾರಣವೂ ಇರಲಿಲ್ಲ ಎಂದು ರುಜುವಾದರೆ 55ನೇ ಕಲಮಿನಂತೆ ಅವರಿಗೆ ಸಿಗುವುದು ತಡೆಯಾಜ್ಞೆ ಮತ್ತು ಲಾಭದ ಪೂರ್ತಿ ಅಥವಾ ಒಂದು ಪಾಲು ಮಾತ್ರ. "ಆದರೆ ಇದನ್ನೇ ನಂಬಿ ಕೂರಬೇಡಿ, ಇಂಟರ್‌ನೆಟ್ ಚಿತ್ರಕ್ಕೆ ಮಾಲೀಕರಿರುತ್ತಾರೆಂದು ಗೊತ್ತಿರಬೇಕಿತ್ತು ಎಂದು ಅವರು ವಾದಿಸುತ್ತಾರೆ" ಎಂದೂ ಎಚ್ಚರಿಸಿದರು. ಬಡತನವೂ ಕಾನೂನಿನಲ್ಲಿ ಉತ್ತರವಲ್ಲವಂತೆ. ಅದು ರಾಜಿಯ ಮಾತುಕತೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಉತ್ತರ ಒಂದೇ ಪುಟದ್ದು. ತನ್ನ ಹಕ್ಕುಗಳಿಗೆ ಧಕ್ಕೆಯಾಗದಂತೆ ಇದನ್ನು ಬರೆಯುತ್ತಿರುವುದಾಗಿ ಮೊದಲ ಸಾಲು. ಇಂಥ ತಾರೀಕು ಚಿತ್ರ ತೆಗೆದಿದ್ದೇನೆ, ಮಾರಾಟ ನಿಲ್ಲಿಸಿದ್ದೇನೆ. ಚಿತ್ರ ನಿಮ್ಮದೆಂಬುದಕ್ಕೆ ದಾಖಲೆ ಕೊಡಿ, ಅದನ್ನು ಬಳಸಲು ನೀವು ಸಾಮಾನ್ಯವಾಗಿ ಪಡೆಯುವ ಶುಲ್ಕವೆಷ್ಟು ತಿಳಿಸಿ. ನನ್ನ ಮಾರಾಟ ಇಷ್ಟು, ಉಳಿಕೆ ಇಷ್ಟು. ವಿವಾದ ಮುಗಿಸಲು 5,000 ರೂಪಾಯಿ ಕಂತಿನಲ್ಲಿ ಕೊಡಲು ಸಿದ್ಧ. ಅಳುಕಾಟವಿಲ್ಲ, ಬೈಗುಳವಿಲ್ಲ. ಅವಳು ಬರೆದುಕೊಂಡು ಬಂದಿದ್ದ ಮೊದಲ ಕರಡಿನಲ್ಲಿ "ನನ್ನಿಂದ ದೊಡ್ಡ ತಪ್ಪಾಯಿತು ಸರ್, ಏನು ಹೇಳಿದರೂ ಕೇಳುತ್ತೇನೆ" ಎಂದಿತ್ತು. ವಕೀಲೆ ಅದನ್ನು ಹರಿದೇ ಹಾಕಿದರು.

ಗಡುವಿಗೆ ಮೂರು ದಿನ ಮುಂಚೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಕುರ್‌ಆನ್ ಇಡುವ ಕಪಾಟಿನಲ್ಲಿಟ್ಟಳು. ತಿಂಗಳ ಮೇಲೆ ಉತ್ತರ ಬಂತು, ದಾಖಲೆಯ ಪ್ರತಿಯೊಂದಿಗೆ ಮೊತ್ತ 20,000ಕ್ಕೆ ಇಳಿದಿತ್ತು. ಇನ್ನೆರಡು ಪತ್ರಗಳ ಬಳಿಕ 9,000ಕ್ಕೆ, ಮೂರು ಕಂತಿಗೆ ಒಪ್ಪಿದರು. ಫೋನಿನಲ್ಲಿ "ಆಯ್ತು, ಕಳಿಸಿಬಿಡಿ" ಎಂದಾಗ ಅವಳು ಅಂದೇ ಕಳಿಸುವವಳಿದ್ದಳು. ನಾನು ತಡೆದೆ. ಕುರ್‌ಆನಿನ ಅತಿ ಉದ್ದದ ಆಯತು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು, ಮದ್ರಸಾದಲ್ಲಿ ನಾವದನ್ನು ಬಾಯಿಪಾಠ ಮಾಡಿದ್ದೆವು. ಹಣ ಪೂರ್ತಿ ಸಂದ ಮೇಲೆ ಈ ಚಿತ್ರದ ಬಗ್ಗೆ ಮುಂದೆ ಯಾವ ಬೇಡಿಕೆಯೂ ಇಲ್ಲ ಎಂಬ ಮಾತು ಸಹಿಯೊಂದಿಗೆ ಬಂದ ನಂತರವೇ ಮೊದಲ ಕಂತು ಹೋಯಿತು, ಅದೂ ಬ್ಯಾಂಕಿನ ಮೂಲಕ.

ಡಿಟಿಪಿಯವರು ತಮಗೇನೂ ಸಂಬಂಧವಿಲ್ಲವೆಂದು ಕೈಯಾಡಿಸಿಬಿಟ್ಟರು. ಮುದ್ರಿಸಿದವರಿಗೂ ಹೊಣೆಯಿದೆ, ಆದರೆ ಅವರ ಬೆನ್ನು ಹತ್ತುವಷ್ಟು ಬಿಡುವು ಇವಳಿಗಿಲ್ಲ.

ಹೊಸ ಕವರಿಗೆ ಅವಳ ನಾದಿನಿಯ ಕೈಯನ್ನೇ ಬಾಗಿಲ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದರು. ಸ್ವಲ್ಪ ಮಸುಕಾಗಿ ಬಂದಿದೆ. ಕೊನೆಯ ಕಂತು ಬರುವ ತಿಂಗಳು ಹತ್ತನೇ ತಾರೀಕಿಗೆ. ಆ ಐನೂರ ನಲವತ್ತು ಕವರುಗಳು ಇನ್ನೂ ಮಂಚದ ಕೆಳಗೆ ಡಬ್ಬದಲ್ಲಿವೆ. ಕಂತು ಮುಗಿದ ರಸೀದಿ ಬಂದ ಮೇಲೆ ಒಲೆಗೆ ಹಾಕುತ್ತಾಳಂತೆ.